ಹನ್ನೊಂದು ಕೇಬಲ್, ಒಂದು ಹಬ್

ಬಜ್ಪೆಯ ಟೇಬಲ್‌ಟಾಪ್ ರನ್‌ವೇ ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ್ದು. ಆಚೀಚೆ ಇಳಿಜಾರು, ಕಣಿವೆ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ವಿಮಾನ ಇಳಿಸುವವರಿಗೂ ಅದು ಸಲೀಸಲ್ಲ. ಅಡ್ಡಗಾಳಿ ಬೀಸುತ್ತಿದೆ, ಎಡಗಾಲಿನಲ್ಲಿ ರಡ್ಡರ್ ಪೆಡಲ್ ಒತ್ತಿ ವಿಮಾನದ ಮೂಗನ್ನು ನೇರ ಹಿಡಿದಾಗಿದೆ, ಇನ್ನೇನು ಚಕ್ರ ನೆಲ ಮುಟ್ಟಬೇಕು. ಆಗ ಸ್ಪೀಕರಿನಿಂದ ವಿಂಡೋಸ್‌ನ ಆ ಪರಿಚಿತ ಎರಡು ಸ್ವರ ಕೇಳುತ್ತದೆ. ಮೊದಲು ಮೇಲಿನದು, ಆಮೇಲೆ ಕೆಳಗಿನದು. ಯಾವುದೋ ಯುಎಸ್‌ಬಿ ಸಾಧನ ಕಳಚಿಕೊಂಡಿತು ಎಂದರ್ಥ. ಎರಡು ಸೆಕೆಂಡ್ ಕಳೆದು ಸ್ವರ ತಿರುಗುಮುರುಗಾಗಿ ಕೇಳುತ್ತದೆ, ಅಂದರೆ ಹೋದದ್ದು ವಾಪಸ್ ಬಂತು. ಅಷ್ಟರಲ್ಲಿ ವಿಮಾನ ಹುಲ್ಲಿನ ಮೇಲಿದೆ.

ಇಂಥ ಹೊತ್ತಿನಲ್ಲಿ ಬೈಗುಳ ಬೀಳುವುದು ಪೆಡಲ್ ತಯಾರಿಸಿದವರಿಗೆ. ಪೆಡಲ್ ಬಿಚ್ಚಿ ನೋಡುತ್ತಾರೆ, ಡ್ರೈವರ್ ಅಳಿಸಿ ಮತ್ತೆ ಹಾಕುತ್ತಾರೆ, ಕೆಲವರು ವಿಂಡೋಸನ್ನೇ ಹೊಸದಾಗಿ ಹಾಕಿಕೊಳ್ಳುವುದೂ ಉಂಟು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಮೇಲೆ ಕಣ್ಣು ಬೀಳುವುದು ಮೇಜಿನ ಅಡಿಯಲ್ಲಿ ಧೂಳು ತಿನ್ನುತ್ತ ಬಿದ್ದಿರುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯ ಮೇಲೆ, ಒಂದು ಪೋರ್ಟನ್ನು ಹಲವಾಗಿಸುವ ಯುಎಸ್‌ಬಿ ಹಬ್ಬಿನ ಮೇಲೆ. ಇಡೀ ಕಾಕ್‌ಪಿಟ್ಟಿಗೆ ಲಕ್ಷ ಸುರಿದವರೂ ಹಬ್ಬನ್ನು ಕೊಳ್ಳುವಾಗ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದಿರುತ್ತಾರೆ.

ಹಬ್ಬಿನ ಅಗತ್ಯ ಒಮ್ಮೆಲೇ ಹುಟ್ಟುವುದಿಲ್ಲ. 2020ರ ಆಗಸ್ಟ್ 18ರಂದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊಸ ರೂಪದಲ್ಲಿ ಬಂದಾಗ ಈ ಹವ್ಯಾಸಕ್ಕೆ ಇಳಿದವರಲ್ಲಿ ಬಹಳ ಜನ ಶುರು ಮಾಡಿದ್ದು ಒಂದೇ ಜಾಯ್‌ಸ್ಟಿಕ್ಕಿನಿಂದ. ಆಮೇಲೆ ಥ್ರಾಟಲ್ ಬಂತು, ಪೆಡಲ್ ಬಂತು. ಸಣ್ಣ ಸೆಸ್ನಾ ಹಾರಿಸುವವರು ಯೋಕ್ ತಂದರು. ರೇಡಿಯೊ ಪ್ಯಾನೆಲ್, ಸ್ವಿಚ್ ಪ್ಯಾನೆಲ್, ಆಟೋಪೈಲಟ್ ಗುಂಡಿಗಳ ಪ್ಯಾನೆಲ್, ಎಲ್ಗಾಟೊ ಸ್ಟ್ರೀಮ್ ಡೆಕ್, ತಲೆಯ ಚಲನೆ ಹಿಡಿಯುವ ಟ್ರ್ಯಾಕ್‌ಐಆರ್, ಹೆಡ್‌ಸೆಟ್ ಒಂದೊಂದಾಗಿ ಸೇರಿದವು. ಕೀಬೋರ್ಡ್, ಮೌಸ್ ಹೇಗೂ ಇದ್ದವೇ. ಭಾನುವಾರ ರೇಸಿಂಗ್ ಆಡುವವರಾದರೆ ಸ್ಟಿಯರಿಂಗ್ ಚಕ್ರ ಬೇರೆ. ಸಾಧಾರಣ ಮದರ್‌ಬೋರ್ಡಿನ ಹಿಂಬದಿಯಲ್ಲಿ ಇರುವುದು ಆರೋ ಎಂಟೋ ಪೋರ್ಟು.

ಜಾಯ್‌ಸ್ಟಿಕ್ಕಿಗೆ ಹಿಂದೆ ಬೇರೆಯೇ ಬಾಗಿಲಿತ್ತು. 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಹದಿನೈದು ಪಿನ್ನಿನ ಗೇಮ್ ಪೋರ್ಟು ನಾಲ್ಕು ಆಕ್ಸಿಸ್, ನಾಲ್ಕು ಬಟನ್ ಅಷ್ಟನ್ನೇ ಓದುತ್ತಿತ್ತು. 1996ರಲ್ಲಿ ಯುಎಸ್‌ಬಿ ಬಂದು ಆ ಕಟ್ಟನ್ನು ಒಡೆಯಿತು. ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಇಂಟೆಲ್‌ನಲ್ಲಿ ಅದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು. ಒಂದು ಕಂಟ್ರೋಲರಿಗೆ 127 ಸಾಧನ ಜೋಡಿಸಬಹುದು ಎಂದು ನಿಯಮ ಹೇಳುತ್ತದೆ. ಕಾಗದದ ಮೇಲೆ 127, ಮೇಜಿನ ಮೇಲೆ ಹನ್ನೊಂದಕ್ಕೇ ಏದುಸಿರು.

ಈ ಏದುಸಿರಿಗೆ ವೇಗದ ಕೊರತೆ ಕಾರಣವಲ್ಲ. ಆದರೂ ಹಬ್ಬಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ವೇಗವೇ: 5 ಗಿಗಾಬಿಟ್, 10 ಗಿಗಾಬಿಟ್. ಜಾಯ್‌ಸ್ಟಿಕ್ಕಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಬಹುಪಾಲು ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್‌ಗಳು ಇಂದಿಗೂ 12 ಮೆಗಾಬಿಟ್ಟಿನ 'ಫುಲ್ ಸ್ಪೀಡ್' ಸಾಧನಗಳು. ಒಂದು ಮಿಲಿಸೆಕೆಂಡಿಗೆ ಒಮ್ಮೆ, ಒಮ್ಮೆಗೆ ಹೆಚ್ಚೆಂದರೆ 64 ಬೈಟ್ ಕಳಿಸಬಲ್ಲವು. ಲೆಕ್ಕ ಹಾಕಿದರೆ ಸೆಕೆಂಡಿಗೆ ಅರ್ಧ ಮೆಗಾಬಿಟ್. ಹತ್ತು ಸಾಧನಗಳು ಒಟ್ಟಿಗೆ ಅರಚಿದರೂ ಐದು ಮೆಗಾಬಿಟ್ಟಿನ ಸುಮಾರಿಗೆ ಮುಗಿಯಿತು. 2000ನೇ ಇಸವಿಯ ಯುಎಸ್‌ಬಿ 2.0 ದಾರಿಯ ಅಗಲವೇ 480 ಮೆಗಾಬಿಟ್. ಇನ್ನೊಂದು ಗುಟ್ಟೂ ಇದೆ. ಯುಎಸ್‌ಬಿ 3 ಹಬ್ಬಿನ ಒಳಗೆ ಎರಡು ಹಬ್ಬುಗಳು ಪಕ್ಕಪಕ್ಕ ಕೂತಿರುತ್ತವೆ, ಒಂದು ಹಳೆಯ 2.0, ಇನ್ನೊಂದು ಹೊಸ ವೇಗದ್ದು. ನೀಲಿ ಪೋರ್ಟಿಗೆ ಚುಚ್ಚಿದರೂ ಜಾಯ್‌ಸ್ಟಿಕ್ ಮಾತಾಡುವುದು ಆ 2.0 ಭಾಗದ ಜೊತೆಗೇ. ಹೊಸ ವೇಗಕ್ಕೆ ಕೊಟ್ಟ ಹಣ ಅದರ ಮಟ್ಟಿಗೆ ದಂಡ.

ಕೇಳಬೇಕಾದ ಪ್ರಶ್ನೆ ಕರೆಂಟಿನದು.

ಯುಎಸ್‌ಬಿ 2.0ರ ಒಂದು ಪೋರ್ಟು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಕೊಡಬೇಕು, ಯುಎಸ್‌ಬಿ 3.0 ಆದರೆ 900. ಅಡಾಪ್ಟರ್ ಇಲ್ಲದ ಹಬ್ ಕಂಪ್ಯೂಟರಿನಿಂದ ಬರುವ ಆ ಒಂದು ಪಾಲನ್ನೇ ಹಂಚಿಕೊಂಡು ಬದುಕಬೇಕು. ಒಂದೇ ನಲ್ಲಿಗೆ ನಾಲ್ಕು ಮನೆಯವರು ಪೈಪು ಹಾಕಿಕೊಂಡ ಹಾಗೆ. ನಿಯಮದ ಪ್ರಕಾರ 2.0 ಹಬ್ ತನಗೆ 100 ಮಿಲಿಆಂಪಿಯರ್ ಇಟ್ಟುಕೊಂಡು ನಾಲ್ಕು ಪೋರ್ಟಿಗೆ ತಲಾ 100 ಕೊಡುತ್ತದೆ. ಇಂಥ ಹಬ್ಬುಗಳು ನಾಲ್ಕು ಪೋರ್ಟಿಗೇ ನಿಲ್ಲುತ್ತಿದ್ದುದು ಈ ಲೆಕ್ಕದಿಂದ. ಅಡಾಪ್ಟರ್ ಇಲ್ಲದೆ ಏಳು ಪೋರ್ಟು ತೋರಿಸುವ ಅಗ್ಗದ ಡಬ್ಬಿ ಸಿಕ್ಕರೆ, ಅದರಲ್ಲಿ ಯಾರಿಗೋ ನೀರಿಲ್ಲ ಎಂದೇ ತಿಳಿಯಬೇಕು.

ದೀಪವಿಲ್ಲದ ಸಾದಾ ಜಾಯ್‌ಸ್ಟಿಕ್ಕಿಗೆ 100 ಮಿಲಿಆಂಪಿಯರ್ ಸಾಕಾಗಬಹುದು. ಕೈಕೊಡುವುದು ಬಣ್ಣದ ಎಲ್‌ಇಡಿ ಹೊತ್ತ ಥ್ರಾಟಲ್‌ಗಳು, ಅಂಕಿ ಮಿನುಗುವ ರೇಡಿಯೊ ಪ್ಯಾನೆಲ್‌ಗಳು, ಪರದೆಯಿರುವ ಏರ್‌ಬಸ್ ಮಾದರಿಯ ಪ್ಯಾನೆಲ್‌ಗಳು. ಕರೆಂಟು ಸಾಲದಾಗ ಸಾಧನ ಪೂರ್ತಿ ಸಾಯುವುದಿಲ್ಲ, ಅದೇ ತಲೆನೋವು. ಅರೆಜೀವದಲ್ಲಿ ವಿಚಿತ್ರವಾಗಿ ಆಡುತ್ತದೆ. ಒತ್ತದ ಬಟನ್ ಒತ್ತಿದಂತೆ ಕಾಣುತ್ತದೆ, ಲ್ಯಾಂಡಿಂಗ್ ಗೇರ್ ತಾನಾಗಿ ಮೇಲೇಳುತ್ತದೆ, ಆಕ್ಸಿಸ್ ನಡುಗುತ್ತದೆ. ಹವ್ಯಾಸಿಗಳ ಬಾಯಲ್ಲಿ ಇದು 'ಘೋಸ್ಟಿಂಗ್'. ದೆವ್ವ ಬಿಡಿಸಲು ಹೊರಟವರು ಎಲ್‌ಇಡಿಯ ಬೆಳಕನ್ನು ತಗ್ಗಿಸಿ ನೋಡಲಿ. ಕಾಟ ನಿಂತರೆ ರೋಗ ಗೊತ್ತಾದಂತೆ.

ಕೇಬಲ್ಲಿನ ಪಾತ್ರವನ್ನು ಬಹಳ ಜನ ಮರೆಯುತ್ತಾರೆ. ಅಗ್ಗದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ಲಿನಲ್ಲಿ ಕರೆಂಟು ಹರಿಯುವ ತಂತಿ ಹೆಚ್ಚಾಗಿ 28 ಗೇಜಿನದು, ತೀರಾ ತೆಳು. ಅದರ ರೋಧ ಮೀಟರಿಗೆ ಸುಮಾರು 0.21 ಓಮ್. ಎರಡು ಮೀಟರ್ ಕೇಬಲ್ ಎಂದರೆ ಹೋಗಿ ಬರುವ ದಾರಿ ನಾಲ್ಕು ಮೀಟರ್, ಒಟ್ಟು 0.85 ಓಮ್. ಅರ್ಧ ಆಂಪಿಯರ್ ಹರಿಸಿದರೆ ದಾರಿಯಲ್ಲೇ 0.42 ವೋಲ್ಟ್ ಕರಗುತ್ತದೆ. 5 ವೋಲ್ಟ್ ಹೊರಟದ್ದು ಪೆಡಲ್ ತಲುಪುವಾಗ 4.58. ಹಬ್ಬಿನಲ್ಲೇ 4.8 ಇದ್ದರೆ ಇನ್ನೂ ಕೆಳಗೆ. ಅದೇ ಉದ್ದದ 24 ಗೇಜ್ ಕೇಬಲ್ಲಿನಲ್ಲಿ ಕರಗುವುದು 0.17 ವೋಲ್ಟ್ ಮಾತ್ರ. ಹಾಗಾಗಿ ಹಬ್ಬನ್ನು ಕ್ಯಾಬಿನೆಟ್ಟಿನ ಪಕ್ಕ ಇಟ್ಟು ಎಲ್ಲ ಸಾಧನಗಳಿಗೂ ಉದ್ದನೆಯ ಕೇಬಲ್ ಎಳೆಯುವುದು ತಲೆಕೆಳಗಾದ ವ್ಯವಸ್ಥೆ. ಅಡಾಪ್ಟರ್ ಇರುವ ಹಬ್ಬನ್ನು ಸಾಧನಗಳ ಹತ್ತಿರಕ್ಕೆ ಒಯ್ದು, ಅಲ್ಲಿಂದ ಕಂಪ್ಯೂಟರಿಗೆ ಒಂದೇ ಒಳ್ಳೆಯ ಕೇಬಲ್ ಎಳೆಯಬೇಕು. ಯುಎಸ್‌ಬಿ 2.0ಕ್ಕೆ 5 ಮೀಟರ್‌ವರೆಗೆ ಅವಕಾಶವಿದೆ.

ಹಾಗಾದರೆ ಎಷ್ಟು ದೊಡ್ಡ ಅಡಾಪ್ಟರ್? ದೀಪವಿರುವ ಮೂರು ಪ್ಯಾನೆಲ್‌ಗಳಿಗೆ ತಲಾ 500 ಮಿಲಿಆಂಪಿಯರ್, ಸಾದಾ ಐದು ಸಾಧನಗಳಿಗೆ ತಲಾ 100 ಎಂದು ಧಾರಾಳವಾಗಿಯೇ ಹಿಡಿದರೆ 2 ಆಂಪಿಯರ್, ಅಂದರೆ 10 ವ್ಯಾಟ್. ಹಬ್ಬಿನ ಸ್ವಂತ ಖರ್ಚು, ಮುಂದೆ ಕೊಳ್ಳಲಿರುವ ಇನ್ನೊಂದು ಪ್ಯಾನೆಲ್ (ಕೊಳ್ಳದೆ ಇರುವವರು ಯಾರಿದ್ದಾರೆ?) ಸೇರಿಸಿ ಇದರ ಎರಡರಷ್ಟು ಇಟ್ಟುಕೊಂಡರೆ ನೆಮ್ಮದಿ. 5 ವೋಲ್ಟ್ 4 ಆಂಪಿಯರ್, ಇಲ್ಲವೇ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಈ ಲೆಕ್ಕಕ್ಕೆ ಕೂರುತ್ತದೆ. 12 ವೋಲ್ಟಿನವು ಒಳಗೆ 5ಕ್ಕೆ ಇಳಿಸಿ ಕೊಡುತ್ತವೆ, ದೂರದಿಂದ ಬರುವ ತಂತಿಯಲ್ಲಿ ನಷ್ಟ ಕಡಿಮೆ. ಮೂಗಿಗಿಂತ ಮೂಗುತಿ ಭಾರ ಅನ್ನಿಸುವಂಥ ಅಡಾಪ್ಟರ್ ಜೊತೆಗೆ ಬಂದರೆ ಈ ವ್ಯಾಪಾರದಲ್ಲಿ ಅದು ಶುಭಲಕ್ಷಣ. ಏಳು ಪೋರ್ಟಿನ ಹಬ್ಬಿಗೆ 5 ವೋಲ್ಟ್ 1 ಆಂಪಿಯರಿನ, ಮೊಬೈಲ್ ಚಾರ್ಜರಿನಂಥ ಪುಟ್ಟ ಅಡಾಪ್ಟರ್ ಕೊಟ್ಟಿದ್ದರೆ ಪೆಟ್ಟಿಗೆಯನ್ನು ಅಲ್ಲೇ ಕೆಳಗಿಡುವುದು ಲೇಸು. ಅಡಾಪ್ಟರಿನ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಬೇಕು. ಭಾರತದಲ್ಲಿ ಮಾರುವ ಇಂಥ ಅಡಾಪ್ಟರುಗಳಿಗೆ ಅದು ಕಡ್ಡಾಯ.

ಪೋರ್ಟುಗಳನ್ನು ಎಣಿಸುವಾಗಲೂ ಎಚ್ಚರ ಬೇಕು. ಟಿಪಿ-ಲಿಂಕ್‌ನ ಯುಎಚ್720ರಲ್ಲಿ ಒಂಬತ್ತು ಪೋರ್ಟು ಕಾಣುತ್ತವೆ, ಅವುಗಳಲ್ಲಿ ಎರಡು ಚಾರ್ಜಿಂಗಿಗೆ ಮೀಸಲು. ಆಂಕರ್‌ನ 60 ವ್ಯಾಟಿನ ಹತ್ತು ಪೋರ್ಟಿನ ಹಬ್ಬಿನಲ್ಲಿ ಮೂರು ಹಾಗೆಯೇ. ಮೀಸಲು ಪೋರ್ಟಿಗೆ ಚುಚ್ಚಿದ ಥ್ರಾಟಲ್‌ನ ದೀಪ ಚೆನ್ನಾಗಿ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದರ ಸುಳಿವೇ ಇರುವುದಿಲ್ಲ.

ಅಗ್ಗದ ಹಬ್ಬುಗಳ ಇನ್ನೊಂದು ಚಾಳಿ ಎಂದರೆ ಅಡಾಪ್ಟರಿನ 5 ವೋಲ್ಟನ್ನು ಕಂಪ್ಯೂಟರಿನ ಕಡೆಗೂ ತಳ್ಳುವುದು. ನಿಯಮ ಇದನ್ನು ಒಪ್ಪುವುದಿಲ್ಲ. ಪರೀಕ್ಷೆ ಸುಲಭ: ಕಂಪ್ಯೂಟರಿನ ಹಿಂಬದಿಯ ಸ್ವಿಚ್ ಆಫ್ ಮಾಡಿ, ಹಬ್ಬಿನ ಅಡಾಪ್ಟರನ್ನು ಹಾಗೇ ಬಿಟ್ಟು ನೋಡಿದರೆ ಮದರ್‌ಬೋರ್ಡಿನ ದೀಪವೋ ಕೀಬೋರ್ಡಿನ ದೀಪವೋ ಮಿಣಮಿಣ ಅನ್ನುತ್ತಿರುತ್ತದೆ. ಅಂಥ ಹಬ್ ಮನೆಯಲ್ಲಿ ಇರುವುದು ಬೇಡ.

ಬಿಚ್ಚಿ ನೋಡಿದರೆ ಹಬ್ಬಿನ ಒಳಗೆ ಇರುವುದು ಒಂದೆರಡು ಚಿಪ್. ಜೆನಿಸಿಸ್ ಲಾಜಿಕ್, ವಿಐಎ ಲ್ಯಾಬ್ಸ್, ಟರ್ಮಿನಸ್‌ನಂಥ ಕೆಲವೇ ಕಂಪನಿಗಳ ಚಿಪ್ಪುಗಳು ನೂರಾರು ಹೆಸರಿನ ಡಬ್ಬಿಗಳಲ್ಲಿ ತುಂಬಿಕೊಂಡಿವೆ. ಮಾರುಕಟ್ಟೆಯಲ್ಲಿ ಏಳು, ಹತ್ತು ಎಂಬ ವಿಚಿತ್ರ ಸಂಖ್ಯೆಗಳೇ ಏಕೆ ಎಂಬುದಕ್ಕೂ ಉತ್ತರ ಇಲ್ಲೇ. ಚಿಪ್ಪಿಗೆ ಸಾಮಾನ್ಯವಾಗಿ ನಾಲ್ಕು ಪೋರ್ಟು. ಎರಡು ಚಿಪ್ ಜೋಡಿಸಿದರೆ ಒಂದು ಪೋರ್ಟು ಜೋಡಣೆಗೇ ಹೋಗಿ ಏಳು ಉಳಿಯುತ್ತದೆ, ಮೂರು ಜೋಡಿಸಿದರೆ ಹತ್ತು. ಅಂದರೆ ಏಳು ಪೋರ್ಟಿನ ಹಬ್ ನಿಜದಲ್ಲಿ ಒಂದಕ್ಕೊಂದು ಕಟ್ಟಿದ ಎರಡು ಹಬ್ಬು. ಕಂಪ್ಯೂಟರಿನಿಂದ ಸಾಧನದವರೆಗಿನ ಒಂದು ಸರಪಳಿಯಲ್ಲಿ ಐದಕ್ಕಿಂತ ಹೆಚ್ಚು ಹಬ್ಬು ಇರಕೂಡದು ಎಂಬುದು ಯುಎಸ್‌ಬಿಯ ಕಟ್ಟಳೆ. ಮಾನಿಟರಿನ ಹಬ್ಬಿಗೆ ಏಳು ಪೋರ್ಟಿನದ್ದನ್ನು ಚುಚ್ಚಿ, ಅದಕ್ಕೆ ಇನ್ನೊಂದು ಏಳು ಪೋರ್ಟಿನದ್ದನ್ನು ಸಿಕ್ಕಿಸಿ, ಅದರ ತುದಿಗೆ ಹೊಟ್ಟೆಯಲ್ಲೇ ಹಬ್ ಇಟ್ಟುಕೊಂಡ ಸೈಟೆಕ್ ಪ್ರೊ ಫ್ಲೈಟ್ ಯೋಕ್ ಹಚ್ಚಿದರೆ ಲೆಕ್ಕ ಆರಕ್ಕೆ ಮುಟ್ಟಬಹುದು. ಆಮೇಲೆ ಆ ಯೋಕ್‌ನ ಬೆನ್ನಿಗೆ ಚುಚ್ಚಿದ ಪ್ಯಾನೆಲ್ ಏಕೆ ಕಾಣುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕು.

ಚಿಪ್ಪಿನ ಬಗ್ಗೆ ಇನ್ನೊಂದೇ ಮಾತು. 12 ಮೆಗಾಬಿಟ್ಟಿನ ನಿಧಾನದ ಸಾಧನ ಮತ್ತು 480ರ ಹೆದ್ದಾರಿಯ ನಡುವೆ ಹಬ್ಬಿನಲ್ಲಿ ಒಬ್ಬ ದುಭಾಷಿ ಇರುತ್ತಾನೆ, ಹೆಸರು ಟ್ರಾನ್ಸಾಕ್ಷನ್ ಟ್ರಾನ್ಸ್‌ಲೇಟರ್. ಜೆನಿಸಿಸ್‌ನ ಜಿಎಲ್850ಜಿ ಚಿಪ್ಪಿನಲ್ಲಿ ಎಲ್ಲ ಪೋರ್ಟಿಗೂ ಒಬ್ಬನೇ, ಜಿಎಲ್852ಜಿಯಲ್ಲಿ ಪೋರ್ಟಿಗೊಬ್ಬ. ಬರೀ ಜಾಯ್‌ಸ್ಟಿಕ್ಕುಗಳಾದರೆ ಒಬ್ಬನೇ ನಿಭಾಯಿಸುತ್ತಾನೆ. ಅದೇ ಹಬ್ಬಿಗೆ ಯುಎಸ್‌ಬಿ ಹೆಡ್‌ಸೆಟ್ಟನ್ನೂ ಚುಚ್ಚಿದಾಗ ಅವನಿಗೆ ಬಿಡುವಿಲ್ಲದಾಗಿ ಧ್ವನಿ ಚಟಪಟ ಅನ್ನಬಹುದು. 'ಮಲ್ಟಿ ಟಿಟಿ' ಎಂದು ವಿವರಪಟ್ಟಿಯಲ್ಲಿ ಇದ್ದರೆ ಅದನ್ನೇ ಆರಿಸಿಕೊಳ್ಳಬೇಕು.

ಎಲ್ಲವನ್ನೂ ಹಬ್ಬಿಗೇ ತುರುಕಬೇಕೆಂದಿಲ್ಲ. ತಲೆಯ ಚಲನೆ ಹಿಡಿಯಲು ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶದ ಜೊತೆ ಹಳೆಯ ಪ್ಲೇಸ್ಟೇಷನ್ 3 ಐ ಕ್ಯಾಮೆರಾ ಬಳಸುವವರಿದ್ದಾರೆ. ಅದು ಚಿತ್ರವನ್ನು ಕುಗ್ಗಿಸದೆ ಕಳಿಸುವ ಕ್ಯಾಮೆರಾ. 640×480 ಬಿಂದು, ಸೆಕೆಂಡಿಗೆ 60 ಚಿತ್ರ, ಬಿಂದುವಿಗೆ ಎರಡು ಬೈಟ್ ಎಂದರೆ ಸುಮಾರು 295 ಮೆಗಾಬಿಟ್. ಹೆದ್ದಾರಿಯ ಅರ್ಧಕ್ಕೂ ಹೆಚ್ಚನ್ನು ಒಬ್ಬನೇ ನುಂಗಿದಂತಾಯಿತು. ಅದಕ್ಕೆ ಮದರ್‌ಬೋರ್ಡಿನದೇ ಪೋರ್ಟು ಕೊಡಬೇಕು. ವಿಆರ್ ಕನ್ನಡಕ, ಸೆಕೆಂಡಿಗೆ 8,000 ಸಲ ಮಾತಾಡುವ ಹೊಸ ಮೌಸ್, ಕೈ ತಿರುಚುವಂತೆ ಎಳೆಯುವ ಫೋರ್ಸ್ ಫೀಡ್‌ಬ್ಯಾಕ್ ಚಕ್ರ, ಇವೂ ನೇರವಾಗಿಯೇ ಇರಲಿ. ಚಕ್ರದ ಮೋಟರಿಗೆ ಹೇಗೂ ಬೇರೆ ಅಡಾಪ್ಟರ್ ಇರುತ್ತದೆ, ಅದರ ತೊಂದರೆ ಕರೆಂಟಿನದಲ್ಲ. ನಡುವೆ ಸಂಪರ್ಕ ಕಡಿದರೆ ಕೈಗೆ ಪೆಟ್ಟು ಬೀಳಬಹುದು ಎಂಬುದೇ ಅಲ್ಲಿನ ಚಿಂತೆ.

ನೇರ ಪೋರ್ಟು ಎಂದರೂ ಪೂರ್ತಿ ಭರವಸೆಯಿಲ್ಲ. 2021ರ ಫೆಬ್ರವರಿಯಲ್ಲಿ ಎಎಂಡಿ ಕಂಪನಿಯೇ ತನ್ನ 500 ಸರಣಿಯ ಚಿಪ್‌ಸೆಟ್ಟುಗಳಲ್ಲಿ ಯುಎಸ್‌ಬಿ ಆಗಾಗ ಕಡಿದುಹೋಗುವ ದೂರುಗಳಿವೆ ಎಂದು ಒಪ್ಪಿಕೊಂಡು, ಮುಂದೆ ಬಯೋಸ್ ಅಪ್‌ಡೇಟಿನ ಮೂಲಕ ಪರಿಹಾರ ಕೊಟ್ಟಿತು. ಅಷ್ಟರಲ್ಲಿ ಎಷ್ಟು ಜನ ತಮ್ಮ ಹಬ್ಬನ್ನೇ ಶಂಕಿಸಿ ಹೊಸದು ಕೊಂಡಿದ್ದರೋ! ಸಾಧನಗಳು ತೀರಾ ಹೆಚ್ಚಾದಾಗ ಮದರ್‌ಬೋರ್ಡಿನ ಕಂಟ್ರೋಲರೇ ಕೈಚೆಲ್ಲುವುದೂ ಇದೆ. ಸಂಪನ್ಮೂಲ ಸಾಲದು ಎಂಬ ಸಂದೇಶ ವಿಂಡೋಸ್‌ನಲ್ಲಿ ಮೂಡಿದರೆ ಎಷ್ಟೇ ದುಬಾರಿ ಹಬ್ ತಂದರೂ ಉಪಯೋಗವಿಲ್ಲ, ಏಕೆಂದರೆ ಹಬ್ ಪೋರ್ಟು ಕೊಡುತ್ತದೆಯೇ ಹೊರತು ಕಂಟ್ರೋಲರ್ ಕೊಡುವುದಿಲ್ಲ. ಅಲ್ಲಿ ಬೇಕಾಗುವುದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಯುಎಸ್‌ಬಿ ಕಾರ್ಡು. ಮೊದಲ ಆಕ್ಯುಲಸ್ ರಿಫ್ಟ್ ಮತ್ತು ಅದರ ಸೆನ್ಸರುಗಳಿಗೆ ಪೋರ್ಟು ಸಾಲದೆ ಹೋದಾಗಲೂ ಜನ ಹಿಡಿದ ದಾರಿ ಅದೇ.

ಯುಎಸ್‌ಬಿ 3ರಿಂದ ಒಂದು ಉಪದ್ರವವೂ ಇದೆ. ಅದರ ಸಂಕೇತಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರನ್ನು 3.0 ಹಬ್ಬಿನಲ್ಲಿ, ಕೆಲಸ ಮಾಡುತ್ತಿರುವ ಹಾರ್ಡ್ ಡಿಸ್ಕಿನ ಪಕ್ಕದಲ್ಲೇ ಚುಚ್ಚಿದರೆ ಬಾಣದ ಗುರುತು ಕುಂಟುವುದು ಇದರಿಂದ. ಅರ್ಧ ಮೀಟರ್ ಕೇಬಲ್ ಹಾಕಿ ದೂರ ಸರಿಸಿದರೆ ಸರಿಹೋಗುತ್ತದೆ. ಬರೀ ಸಿಮ್ ಸಾಧನಗಳಿಗಾದರೆ ಒಳ್ಳೆಯ ಅಡಾಪ್ಟರಿನ ಹಳೆಯ 2.0 ಹಬ್ಬೇ ಮೇಲು. ಆದರೆ ಅದು ಅಂಗಡಿಗಳಲ್ಲಿ ಸಿಗುವುದು ಕಷ್ಟವಾಗುತ್ತಿದೆ.

ಪೋರ್ಟಿಗೊಂದು ಸ್ವಿಚ್ ಇರುವ ಹಬ್ಬುಗಳ ಬಗ್ಗೆ ಎರಡು ಅಭಿಪ್ರಾಯವಿದೆ. ಹಾರಾಟದ ದಿನ ಸ್ಟಿಯರಿಂಗ್ ಚಕ್ರ, ರೇಸಿಂಗ್ ದಿನ ಯೋಕ್ ಆಫ್ ಮಾಡಿಟ್ಟರೆ ಆಟಕ್ಕೆ ಗೊಂದಲವಿಲ್ಲ, ಇದು ದೊಡ್ಡ ಅನುಕೂಲ. ಕಳಪೆ ಸ್ವಿಚ್ ಆದರೆ ಕೆಲವು ತಿಂಗಳಲ್ಲಿ ಸಡಿಲವಾಗಿ, ಮೇಜಿಗೆ ಮೊಣಕಾಲು ತಗುಲಿದರೂ ಆ ಎರಡು ಸ್ವರ ಕೇಳಿಸಲು ಶುರುವಾಗುತ್ತದೆ. ಲೋಹದ ಕವಚದ, ಸ್ಕ್ರೂ ಹಾಕಿ ಮೇಜಿನ ಅಡಿಗೆ ಬಿಗಿಯಬಹುದಾದ, ಕಾರ್ಖಾನೆ ಬಳಕೆಯ ಹಬ್ಬುಗಳು ನೋಡಲು ಒರಟು, ಬೆಲೆಯೂ ಹೆಚ್ಚು, ಆದರೆ ಪೆಡಲ್ ತುಳಿಯುವ ಮನೆಗೆ ಅವೇ ಹೇಳಿ ಮಾಡಿಸಿದ್ದು. ಲ್ಯಾಪ್‌ಟಾಪಿಗೆಂದು ಬರುವ ಟೈಪ್-ಸಿ ಡಾಂಗಲ್‌ಗಳು ಪ್ರಯಾಣಕ್ಕೆ ಸರಿ.

ಹಬ್ ತಂದ ಮೇಲೆ ಮಾಡಬೇಕಾದ ಒಂದು ಕೆಲಸಕ್ಕೆ ಕಾಸಿನ ಖರ್ಚಿಲ್ಲ. ತನ್ನದೇ ಸೀರಿಯಲ್ ಸಂಖ್ಯೆ ಇಲ್ಲದ ಸಾಧನವನ್ನು ವಿಂಡೋಸ್ ಗುರುತಿಡುವುದು ಅದು ಯಾವ ಪೋರ್ಟಿನಲ್ಲಿದೆ ಎಂಬುದರಿಂದ. ಧೂಳು ಒರೆಸಲು ಎಲ್ಲ ಕಿತ್ತು ಆಮೇಲೆ ಮನಸ್ಸಿಗೆ ಬಂದಂತೆ ಚುಚ್ಚಿದರೆ ವಿಂಡೋಸ್‌ನ ಪಾಲಿಗೆ ಅವೆಲ್ಲ ಹೊಸ ಸಾಧನಗಳು. ಡಿಸಿಎಸ್‌ನಂಥ ಯುದ್ಧವಿಮಾನದ ಸಿಮ್ಯುಲೇಟರ್‌ನಲ್ಲಿ ಗಂಟೆಗಟ್ಟಲೆ ಕೂತು ಹೊಂದಿಸಿದ ಬಟನ್ನುಗಳೆಲ್ಲ ಕಾಣೆಯಾದವು ಎಂಬ ಗೋಳಿನ ಹಿಂದೆ ಎಷ್ಟೋ ಸಲ ಇರುವುದು ಹೀಗೆ ಬದಲಾದ ಪೋರ್ಟು. ಒಂದೇ ಮಾದರಿಯ ಎರಡು ಥ್ರಾಟಲ್ ಕ್ವಾಡ್ರಂಟ್ ಇದ್ದರಂತೂ ಎಡ ಬಲವೇ ಅದಲುಬದಲು. ಬಿಳಿ ಟೇಪಿನ ಚೂರಿನ ಮೇಲೆ '1 ಯೋಕ್', '2 ಪೆಡಲ್' ಎಂದು ಬರೆದು ಪೋರ್ಟಿಗೂ ಕೇಬಲ್ಲಿಗೂ ಅಂಟಿಸಿದರೆ ಮುಗಿಯಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಹಬ್ಬಿನ ಎದುರಿಗೂ, ಕರೆಂಟು ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಆಯ್ಕೆ ಇರುತ್ತದೆ. ಅದರ ಟಿಕ್ ತೆಗೆಯಬೇಕು. ಇಲ್ಲವಾದರೆ ಆಟೋಪೈಲಟ್ಟಿಗೆ ಒಪ್ಪಿಸಿ ಕಾಫಿಗೆ ಎದ್ದು ಹೋದಾಗ ಪೆಡಲ್ ನಿದ್ದೆ ಹೋಗಿರುತ್ತದೆ.

ನಮ್ಮ ಕಡೆಯ ಮನೆಗಳಿಗೆ ಅಡಾಪ್ಟರ್ ಹಬ್ಬಿನಿಂದ ಒಂದು ಹೊಸ ತಾಪತ್ರಯವೂ ಬರುತ್ತದೆ. ಮಳೆಗಾಲದ ಸಂಜೆ ಕರೆಂಟು ಒಂದು ಕ್ಷಣ ಕಣ್ಣು ಮಿಟುಕಿಸಿತು ಎನ್ನಿ. ಯುಪಿಎಸ್ ಮೇಲಿರುವ ಕಂಪ್ಯೂಟರಿಗೂ ಮಾನಿಟರಿಗೂ ಗೊತ್ತೇ ಆಗುವುದಿಲ್ಲ. ಗೋಡೆಯ ಸಾಕೆಟ್ಟಿನಲ್ಲಿದ್ದ ಹಬ್ಬಿನ ಅಡಾಪ್ಟರ್ ಸತ್ತು ಬದುಕುತ್ತದೆ, ಅದರ ಹಿಂದಿನ ಏಳೂ ಸಾಧನಗಳು ಒಟ್ಟಿಗೆ ಕಳಚಿಕೊಂಡು ಮತ್ತೆ ಸೇರಿಕೊಳ್ಳುತ್ತವೆ. ಕೆಲವು ಸಿಮ್ಯುಲೇಟರುಗಳು ಆಮೇಲೆ ಅವನ್ನು ಗುರುತು ಹಿಡಿಯುವುದೇ ಇಲ್ಲ, ಆಟ ಮುಚ್ಚಿ ತೆರೆಯಬೇಕು. ಮೂರು ಗಂಟೆ ಹಾರಿ ಬಂದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 20 ವ್ಯಾಟಿನ ಅಡಾಪ್ಟರ್ ಯುಪಿಎಸ್ಸಿಗೆ ಹೊರೆಯೇ ಅಲ್ಲ, ಅದಕ್ಕೂ ಅಲ್ಲೇ ಒಂದು ಜಾಗ ಮಾಡಿಕೊಡಬೇಕು.

ಪೋರ್ಟು ಹೆಚ್ಚಿಸುವ ಬದಲು ಸಾಧನ ಕಡಿಮೆ ಮಾಡುವ ಪಂಥದವರೂ ಇದ್ದಾರೆ. ಥ್ರಸ್ಟ್‌ಮಾಸ್ಟರ್‌ನ ಟಿಎಫ್‌ಆರ್‌ಪಿ ಪೆಡಲ್ ಅದೇ ಕಂಪನಿಯ ಟಿಡಬ್ಲ್ಯೂಸಿಎಸ್ ಥ್ರಾಟಲ್‌ನ ಬೆನ್ನಿಗೆ ಟೆಲಿಫೋನ್ ತಂತಿಯಂಥ ಕೇಬಲ್ಲಿನಿಂದ ಸೇರುತ್ತದೆ, ಇಬ್ಬರಿಗೂ ಒಂದೇ ಯುಎಸ್‌ಬಿ. ಇನ್ನೂ ಮುಂದೆ ಹೋದವರು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಆರ್ಡುಯಿನೊ ಪ್ರೊ ಮೈಕ್ರೊ ಬೋರ್ಡು, ಟಾಗಲ್ ಸ್ವಿಚ್, ಪೊಟೆನ್ಶಿಯೋಮೀಟರ್ ಕೊಂಡು ತಂದು ಸ್ವಿಚ್ ಪ್ಯಾನೆಲ್ಲನ್ನು ತಾವೇ ಬೆಸುಗೆ ಹಾಕುತ್ತಾರೆ. ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ ಒಂದು ಸಾಧನಕ್ಕೆ ಎಂಟು ಆಕ್ಸಿಸ್, 128 ಬಟನ್ ಒಪ್ಪುತ್ತದೆ. ಪ್ಲೈವುಡ್ ಹಲಗೆಗೆ ತೂತು ಕೊರೆದು ಲ್ಯಾಂಡಿಂಗ್ ಲೈಟ್, ಫ್ಲಾಪ್, ಟ್ರಿಮ್, ಫ್ಯುಯೆಲ್ ಪಂಪ್ ಎಲ್ಲವನ್ನೂ ಒಂದೇ ಬೋರ್ಡಿಗೆ ತಂದರೆ ಹಲಗೆಯ ಹಿಂದೆ ತಂತಿಯ ಕಾಡು, ಹಬ್ಬಿನ ಕಡೆಗೆ ಹೋಗುವುದು ಮಾತ್ರ ಒಂದೇ ಕೇಬಲ್. ಏಳು ಪೋರ್ಟಿನ ಹಬ್ಬಿನಲ್ಲಿ ಮೂರು ಖಾಲಿ ಉಳಿಯುತ್ತವೆ, ಮುಂದಿನ ತಿಂಗಳ ಸಂಬಳದವರೆಗೆ.